ಸದ್ದನ್ನು ಎಣಿಸಿದ ನರ್ಸ್‌ಗಳು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ನಮ್ಮ ಅಬ್ಬಾ ಹೃದಯದ ಕಾಯಿಲೆಯಿಂದ ತೀವ್ರ ನಿಗಾ ಘಟಕದಲ್ಲಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಿದ್ದೆ. ಒಳಗೆ ಮಾನಿಟರ್ ಸದ್ದು ಮಾಡಿದಾಗಲೆಲ್ಲ ಎದೆ ಧಸಕ್ಕೆಂದು ಎದ್ದು ನಿಲ್ಲುತ್ತಿದ್ದೆ. ಮೂರನೆಯ ದಿನಕ್ಕೆ ಏಳುವುದನ್ನೇ ಬಿಟ್ಟೆ. ಅಬ್ಬಾ ಗುಣವಾಗಿ ಮನೆಗೆ ಬಂದರು. ಆದರೆ ಒಂದು ಪ್ರಶ್ನೆ ಉಳಿಯಿತು: ಮೂರೇ ದಿನಕ್ಕೆ ಮಗನಾದ ನನ್ನ ಕಿವಿ ಮಂದವಾದರೆ, ವರ್ಷಗಟ್ಟಲೆ ಅಲ್ಲೇ ದುಡಿಯುವ ನರ್ಸ್‌ಗಳ ಪಾಡೇನು?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ನರ್ಸ್‌ಗಳೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪ್ರಾಧ್ಯಾಪಕಿಯಾಗಿದ್ದ ಬಾರ್ಬರಾ ಡ್ರೂ ಅವರ ತಂಡ 31 ದಿನಗಳ ಕಾಲ, 461 ರೋಗಿಗಳ ಮಾನಿಟರ್‌ಗಳ ಪ್ರತಿಯೊಂದು ಅಲಾರಂ ದಾಖಲಿಸಿತು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಒಟ್ಟು ಅಲಾರಂಗಳು 25 ಲಕ್ಷಕ್ಕೂ ಹೆಚ್ಚು! ಕಿವಿಗೆ ಕೇಳುವಂಥವೇ ಒಂದು ಹಾಸಿಗೆಗೆ ದಿನಕ್ಕೆ 187. ಹೃದಯ ಬಡಿತದ ಏರುಪೇರಿನ 12,671 ಅಲಾರಂಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಶೇ. 88.8 ಸುಳ್ಳೆಂದು ತಿಳಿಯಿತು.

'ತೋಳ ಬಂತು ತೋಳ' ಎಂದು ಸುಳ್ಳು ಕೂಗಿದ ಹುಡುಗನ ಕಥೆ ನಿಮಗೆ ಗೊತ್ತು. ಕೊನೆಗೆ ನಿಜವಾಗಿ ತೋಳ ಬಂದಾಗ ಯಾರೂ ಬರಲಿಲ್ಲ. ಅಮೆರಿಕದ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಗೆ 2009ರಿಂದ 2012ರ ಮಧ್ಯಭಾಗದವರೆಗೆ ಅಲಾರಂಗೆ ಸಂಬಂಧಿಸಿದ 98 ದುರ್ಘಟನೆಗಳು ವರದಿಯಾದವು. ಅವುಗಳಲ್ಲಿ 80 ಸಾವಿನಲ್ಲಿ ಕೊನೆಗೊಂಡವು.

ಹಾಗಾದರೆ ಪರಿಹಾರ ಹೊಸ ದುಬಾರಿ ಯಂತ್ರವೇ? ಅಲ್ಲ. ರೋಗಿಯ ಎದೆಗೆ ಅಂಟಿಸುವ ಎಲೆಕ್ಟ್ರೋಡ್ ಬಿಲ್ಲೆಗಳು ಹೃದಯದ ವಿದ್ಯುತ್ ಸಂಕೇತವನ್ನು ಮಾನಿಟರ್‌ಗೆ ತಲುಪಿಸುತ್ತವೆ. ಬೆವರಿನಿಂದ ಬಿಲ್ಲೆ ಸಡಿಲವಾದರೆ, ಅದರ ಲೇಪ ಒಣಗಿದರೆ ಸಂಕೇತ ಕೆಡುತ್ತದೆ. ಯಂತ್ರ ಅದನ್ನೇ ಅಪಾಯವೆಂದು ತಿಳಿದು ಕೂಗುತ್ತದೆ. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ನರ್ಸ್ ಮರಿಯಾ ಸ್ವಾಚ್ ಮತ್ತು ಸಂಗಡಿಗರು ಚರ್ಮವನ್ನು ಶುಚಿಮಾಡಿ ಬಿಲ್ಲೆಗಳನ್ನು ದಿನವೂ ಬದಲಿಸಿ ನೋಡಿದರು. ಒಂದು ಹಾಸಿಗೆಯ ದಿನದ ಸರಾಸರಿ ಅಲಾರಂಗಳು ಶೇ. 46ರಷ್ಟು ಇಳಿದವು. ಎಷ್ಟು ಸರಳ ಕೆಲಸ, ಎಂಥ ದೊಡ್ಡ ಫಲ!

ಯೇಲ್ ವಿಶ್ವವಿದ್ಯಾಲಯದ ಮಾರ್ಜರಿ ಫಂಕ್ ಅವರ ನೇತೃತ್ವದಲ್ಲಿ 17 ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಶಿಕ್ಷಕರಾದ ನಮಗೂ ಪಾಠ ಹೇಳುತ್ತದೆ. ಹೃದಯ ನಿಗಾ ಕುರಿತು ತರಬೇತಿ ಪಡೆದ ನರ್ಸ್‌ಗಳ ತಿಳಿವಳಿಕೆ ಮೊದಲು ಚೆನ್ನಾಗಿ ಬೆಳೆಯಿತು. 15 ತಿಂಗಳ ನಂತರ ಆ ಮುನ್ನಡೆ ಉಳಿದಿರಲಿಲ್ಲ. ಒಮ್ಮೆ ಕಲಿತರೆ ಸಾಲದು, ಮತ್ತೆ ಮತ್ತೆ ಕಲಿಯಬೇಕು.

ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ಒಬ್ಬ ಜಾಣ ಹುಡುಗಿ ನರ್ಸಿಂಗ್ ಓದುತ್ತೇನೆಂದಾಗ ಮನೆಯವರು, "ಸೂಜಿ ಚುಚ್ಚೋದಕ್ಕೆ ಇಷ್ಟು ಓದಬೇಕಾ?" ಎಂದರಂತೆ. ಸೂಜಿ ಚುಚ್ಚುವುದೂ ಹಗುರವಾದ ಕೆಲಸವಲ್ಲ. ಅದರ ಜೊತೆಗೆ ಗಮನಿಸುವುದು, ಎಣಿಸುವುದು, 'ಇದು ಏಕೆ ಹೀಗೆ?' ಎಂದು ಕೇಳುವುದೂ ನರ್ಸ್‌ಗಳ ಕೆಲಸವೇ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ನಂತರ ಎಂ.ಎಸ್ಸಿ., ಪಿಎಚ್.ಡಿ.ವರೆಗೂ ದಾರಿಯಿದೆ. ಆ ದಾರಿಗೆ ದಯವಿಟ್ಟು ಅಡ್ಡ ನಿಲ್ಲಬೇಡಿ.

ವಿದ್ಯಾರ್ಥಿಗಳೇ, ಎಲ್ಲರೂ ಕೇಳಿ ಕೇಳಿ ಮರೆತ ಸದ್ದನ್ನು ಒಬ್ಬರು ನಿಂತು ಎಣಿಸಿದರು. ಸಂಶೋಧನೆ ಆರಂಭವಾಗುವುದು ಅಲ್ಲಿಂದಲೇ. ನೀವೂ ಎಣಿಸಲು ಕಲಿಯಿರಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.