ಬಾಯಿಯ ಶುಚಿ, ಹೃದಯದ ಕ್ಷೇಮ

(ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಲ್ಲೆಂದರೆ ಕಡಲೆ ಅಗಿಯುವುದಕ್ಕೆ ಮಾತ್ರ ಬೇಕಾದದ್ದು, ಹೋದರೆ ಕಟ್ಟಿಸಿಕೊಂಡರಾಯಿತು ಎಂಬ ಉದಾಸೀನವೂ ನಮ್ಮಲ್ಲಿ ಉಂಟು. ಬಾಯಿಗೂ ಹೃದಯಕ್ಕೂ ಏನು ಸಂಬಂಧವೆಂದು ಕೇಳುವವರಿಗೆ, ನಮ್ಮ ಬಳಗದ ಮನೆಯೊಂದರಲ್ಲಿ ನಡೆದ ಸಂಗತಿಯನ್ನೇ ಮೊದಲು ಅರಿಕೆ ಮಾಡುತ್ತೇವೆ.

ಹಾಸನದ ಕಡೆಯ ಹಳ್ಳಿಯ ತಾಯಿಯೊಬ್ಬರು ಮಗನ ಮನೆಗೆಂದು ಮುಂಬಯಿಗೆ ಬಂದರು. ಕೆಲವು ವರ್ಷಗಳ ಹಿಂದೆ ಅವರ ಹೃದಯದ ಕವಾಟವೊಂದನ್ನು ತೆಗೆದು ಕೃತಕ ಕವಾಟವನ್ನು ಜೋಡಿಸಿದ್ದರು. ಆರೋಗ್ಯ ಚೆನ್ನಾಗಿಯೇ ಇದ್ದಿತು. ಒಂದು ದಿನ ದವಡೆಹಲ್ಲು ನೋಯತೊಡಗಿತು. ಮಗ ಕೆಲಸಕ್ಕೆ ಹೋಗಿದ್ದ. ನೆರೆಮನೆಯಾಕೆ ಹಲ್ಲಿನ ವೈದ್ಯರಲ್ಲಿಗೆ ಕರೆದೊಯ್ದಳು. "ಔರ್ ಕೋಯಿ ತಕಲೀಫ್ ನಹೀ ನಾ?" ಎಂದು ವೈದ್ಯರು ಕೇಳಿದರು. ಕನ್ನಡವಲ್ಲದೆ ಬೇರೆ ಮಾತು ಬಾರದ ಆ ತಾಯಿ ತಲೆಯಾಡಿಸಿದರು. ಹಲ್ಲು ಕಿತ್ತದ್ದಾಯಿತು. ಎರಡು ವಾರದೊಳಗೆ ಸಂಜೆಯಾದರೆ ಜ್ವರ, ಚಳಿ, ಬೆವರು. ಮಲೇರಿಯವಿರಬಹುದೆಂದರು, ಟೈಫಾಯಿಡ್ ಇರಬಹುದೆಂದರು. ಕೊನೆಗೆ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಬಾಯಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಜಾತಿಯ ರೋಗಾಣು ಸಿಕ್ಕಿತು. ಅದು ಕೃತಕ ಕವಾಟದ ಮೇಲೆ ಬೀಡು ಬಿಟ್ಟಿತ್ತು. ಹಲ್ಲು ಕಿತ್ತ ಗಾಯದಿಂದ ಹೋಯಿತೋ, ಮೊದಲೇ ಕೀವುಗೂಡಿದ್ದ ಬೇರಿನಿಂದ ಹೋಯಿತೋ ಹೇಳಲಾಗದು. ಆರು ವಾರ ನಾಳದ ಮೂಲಕ ಔಷಧ ಕೊಟ್ಟ ಮೇಲೆ ಅವರು ಬದುಕಿಕೊಂಡರು. ಈ ರೋಗ ಬಂದವರೆಲ್ಲರೂ ಬದುಕುವುದಿಲ್ಲ.

ಇದು ನಡೆಯುವ ಬಗೆ ಹೀಗೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದರೆ ಒಸಡು ಊದಿಕೊಂಡು ಸಡಿಲವಾಗುತ್ತದೆ. ಮುಟ್ಟಿದರೆ ರಕ್ತ ಬರುತ್ತದೆ. ರಕ್ತ ಹೊರಗೆ ಬರುವ ದಾರಿಯೇ ರೋಗಾಣುಗಳು ಒಳಗೆ ಹೋಗುವ ದಾರಿ. ಹಲ್ಲು ಕೀಳುವಾಗ ಮಾತ್ರವಲ್ಲ, ಅಗಿಯುವಾಗಲೂ ಉಜ್ಜುವಾಗಲೂ ಅವು ರಕ್ತಕ್ಕೆ ಸೇರುವುದುಂಟು. ಆರೋಗ್ಯವಂತರ ದೇಹ ಅವನ್ನು ಬೇಗನೆ ನಾಶಮಾಡುತ್ತದೆ. ಆದರೆ ಕೆಟ್ಟ ಕವಾಟವೋ ಕೃತಕ ಕವಾಟವೋ ಇದ್ದಲ್ಲಿ ಅವಕ್ಕೆ ನೆಲೆ ಸಿಕ್ಕಿಬಿಡುತ್ತದೆ. ಲಂಡನ್ನಿನ ವೈದ್ಯ ಥಾಮಸ್ ಹಾರ್ಡರ್ 1909ರಷ್ಟು ಹಿಂದೆಯೇ ಈ ರೋಗಕ್ಕೂ ಬಾಯಿಯ ಕೊಳೆಗೂ ಇರುವ ನಂಟನ್ನು ಗುರುತಿಸಿದ್ದರು.

ಆದರೆ ಅರ್ಧ ತಿಳಿವಳಿಕೆಯಿಂದ ಅನಾಹುತವೂ ಆಗಿದೆ. ಅದೇ ಲಂಡನ್ನಿನ ವಿಲಿಯಂ ಹಂಟರ್ ಎಂಬ ವೈದ್ಯರು 1910ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಭಾಷಣ ಮಾಡಿ, ಬಾಯಿಯ ಕೀವೇ ಅನೇಕ ರೋಗಗಳ ಮೂಲವೆಂದು ಸಾರಿದರು. ಮುಂದೆ ಹಲವು ವರ್ಷ ಕೀಲುನೋವಿಗೂ ನಿತ್ರಾಣಕ್ಕೂ ಹಲ್ಲೇ ಕಾರಣವೆಂದು ಅಸಂಖ್ಯ ಜನರ ಗಟ್ಟಿ ಹಲ್ಲುಗಳನ್ನು ಕಿತ್ತೆಸೆದರು. ಆದುದರಿಂದ ಎಷ್ಟು ತಿಳಿದಿದೆಯೋ ಅಷ್ಟನ್ನೇ ಹೇಳುವುದು ಲೇಸು. ರಕ್ತನಾಳ ಕಟ್ಟಿಕೊಂಡು ಬರುವ ಹೃದಯಾಘಾತದ ವಿಚಾರದಲ್ಲಿ ಒಸಡಿನ ರೋಗಿಗಳಲ್ಲಿ ಅದು ಹೆಚ್ಚಾಗಿ ಕಂಡುಬರುವುದು ನಿಜ. ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗಿಲ್ಲವೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಸ್ಪಷ್ಟಪಡಿಸಿತು. ಹೊಗೆಸೊಪ್ಪು, ಸಕ್ಕರೆ ಕಾಯಿಲೆ ಇವೆರಡೂ ಒಸಡನ್ನೂ ಹೃದಯವನ್ನೂ ಒಟ್ಟಿಗೆ ಕೆಡಿಸುತ್ತವೆ. ಹಲ್ಲುಜ್ಜಿದೆವೆಂದು ರಕ್ತದೊತ್ತಡದ ಗುಳಿಗೆಯನ್ನು ಬಿಡುವಂತಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ದಿನಕ್ಕೆರಡು ಬಾರಿ, ಅದರಲ್ಲೂ ರಾತ್ರಿ ಮಲಗುವ ಮುನ್ನ, ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜಬೇಕು. ಎಲೆಯಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕುವುದನ್ನೂ, ಈ ಪ್ರಾಂತದಲ್ಲಿ ಕಲಿತ ಮಿಶ್ರಿಯಿಂದ ಹಲ್ಲು ತಿಕ್ಕುವುದನ್ನೂ ಬಿಡಬೇಕು. ಒಸಡಿನಲ್ಲಿ ರಕ್ತ ಕಂಡರೆ ಉಜ್ಜುವುದನ್ನು ನಿಲ್ಲಿಸದೆ ವೈದ್ಯರಿಗೆ ತೋರಿಸಬೇಕು. ಕೃತಕ ಕವಾಟವುಳ್ಳವರು, ಕವಾಟದ ಸೋಂಕು ಒಮ್ಮೆ ಬಂದು ಹೋದವರು, ಹುಟ್ಟಿನಿಂದ ಕೆಲವು ಬಗೆಯ ಹೃದಯದೋಷವುಳ್ಳವರು ಹಲ್ಲಿನ ಚಿಕಿತ್ಸೆಗೆ ಮೊದಲು ಅದನ್ನು ತಪ್ಪದೆ ತಿಳಿಸಬೇಕು. ಹಲ್ಲು ಕೀಳುವಂಥ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಇಂಥವರಿಗೆ ರೋಗಾಣುನಾಶಕ ಔಷಧ ಕೊಡುವ ಪದ್ಧತಿಯಿದೆ. ಹೃದ್ರೋಗಿಗಳೆಲ್ಲರಿಗೂ ಅದು ಬೇಡ. ವೈದ್ಯರು ಹೇಳದೆ ಯಾರೂ ತಾವಾಗಿ ನುಂಗಬಾರದು.

ಕೊನೆಯದಾಗಿ ಒಂದು ಬಿನ್ನಹ. ಆ ತಾಯಿಯ ಆಸ್ಪತ್ರೆಯ ಕಾಗದಗಳೆಲ್ಲ ಊರಿನ ಟ್ರಂಕಿನಲ್ಲಿ ಭದ್ರವಾಗಿದ್ದವು! ಊರಿನಿಂದ ಬರುವ ಹಿರಿಯರ ರೋಗ, ಶಸ್ತ್ರಚಿಕಿತ್ಸೆ, ಔಷಧಗಳನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದು ಚೀಟಿಯಲ್ಲಿ ಬರೆದು ಅವರ ಚೀಲದಲ್ಲಿಡೋಣ. ಬರೆದುಕೊಡಬಲ್ಲ ತರುಣರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಾತು ಬಾರದ ಊರಿನಲ್ಲಿ ನಮ್ಮ ತಾಯಂದಿರ ಪರವಾಗಿ ಮಾತಾಡುವುದೂ ಕನ್ನಡದ ಸೇವೆಯೇ ಅಲ್ಲವೆ? ಈ ರಾಜ್ಯೋತ್ಸವದಿಂದಲೇ ಆ ಕೆಲಸ ಆರಂಭವಾಗಲೆಂದು ಕೋರುತ್ತ ನಮ್ಮ ಮಾತನ್ನು ಮುಗಿಸುತ್ತೇವೆ.