ಮಕ್ಕಳಿಗೆ ಬೇಕಾಗಿರುವುದು ನಮ್ಮ ಸಮಯ



ಹದಿಹರೆಯದ ಮಕ್ಕಳ ನೆಮ್ಮದಿಗೆ ಉಪದೇಶವೊಂದೇ ಮದ್ದೆಂದು ನಾವು ಭಾವಿಸಿದ್ದೇವೆ. ಐಸ್‌ಲ್ಯಾಂಡ್‌ನ ಅನುಭವವನ್ನು ನೋಡಿರಿ. 1998ರಲ್ಲಿ ಅಲ್ಲಿನ 15-16 ವಯಸ್ಸಿನ ಮಕ್ಕಳಲ್ಲಿ ಶೇ. 42 ಮಂದಿ ಹಿಂದಿನ ಒಂದು ತಿಂಗಳೊಳಗೆ ಕುಡಿದು ಅಮಲೇರಿಸಿಕೊಂಡವರಾಗಿದ್ದರು. 2016ರ ವೇಳೆಗೆ ಆ ಪ್ರಮಾಣ ಶೇ. 5ಕ್ಕಿಳಿಯಿತು. ಆಟೋಟ, ಕಲೆಗಳಿಗೆ ಸರಕಾರ ನೆರವಾಯಿತು. ಮಕ್ಕಳ ರಾತ್ರಿ ತಿರುಗಾಟವನ್ನು ಕಾನೂನು ತಡೆಯಿತು. ಹೆತ್ತವರು ಮಕ್ಕಳೊಂದಿಗೆ ಹೆಚ್ಚು ಹೊತ್ತು ಕಳೆದರು, ಅವರ ಗೆಳೆಯರನ್ನು ಅರಿತರು.

ನಮ್ಮ ಮನೆಗಳಲ್ಲೇನಾಗುತ್ತಿದೆ? ಅಂಕಪಟ್ಟಿಗೆ ಸಹಿ ಹಾಕುವ ತಂದೆಗೆ ಮಗನ ಗೆಳೆಯನ ಹೆಸರು ತಿಳಿದಿರುವುದಿಲ್ಲ. ಮಗಳ ಮೌನವನ್ನು ಶಿಸ್ತೆಂದು ಮೆಚ್ಚುತ್ತೇವೆ. ಅದು ದುಃಖವೂ ಆಗಿರಬಹುದಲ್ಲವೇ? ಮಗನಿಗೆ ಮೈದಾನವಿದೆ, ಮಗಳಿಗೇನಿದೆ?

ಇಂದು ರಾತ್ರಿ ಊಟಕ್ಕೆ ಕುಳಿತಾಗ ಮೊಬೈಲನ್ನು ಬದಿಗಿಡಿರಿ. ಅಂಕಗಳ ಬದಲು ಅವರ ದಿನ ಹೇಗೆ ಕಳೆಯಿತೆಂದು ಕೇಳಿರಿ. ಉತ್ತರ ಬರುವ ತನಕ ಕಾಯಿರಿ.