ಅವಿಕಾರಿ ಲಿನಕ್ಸ್ ಮತ್ತು ಕನ್ನಡದ ಮಗು
(ಎಡನೀರಿನಲ್ಲಿ ಕನ್ನಡ ಮಾಧ್ಯಮ ಅಧ್ಯಾಪಕರ ಮುಂದೆ ನೀಡಿದ ಉಪನ್ಯಾಸ)



ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹೊಸ ವಿಂಡೋಸ್‌ಗೆ ಒಗ್ಗದ ಕಂಪ್ಯೂಟರ್‌ಗಳು ಅನೇಕ ಮನೆಗಳಲ್ಲಿವೆ. ‘ಇದಕ್ಕೆ ಯಾವ ಲಿನಕ್ಸ್ ಹಾಕುವುದು ಮಾಷ್ಟ್ರೇ?’ ಎಂದು ಹೆತ್ತವರು ಕೇಳುವುದು ನಮ್ಮನ್ನೇ.

ಶಾಲೆಯ ಪ್ರಯೋಗಾಲಯದ ಮಟ್ಟಿಗೆ ಈ ಪ್ರಶ್ನೆಯಿಲ್ಲ. ಅಲ್ಲಿ ಕೈಟ್ ಸಂಸ್ಥೆಯು ಉಬುಂಟುವನ್ನು ಆಧರಿಸಿ ರೂಪಿಸಿದ ವ್ಯವಸ್ಥೆಯೇ ಇರಲಿ. ನನ್ನ ಮಾತು ಮನೆಯ ಯಂತ್ರಕ್ಕೆ ಸಂಬಂಧಿಸಿದ್ದು.

ಸಾಮಾನ್ಯ ಲಿನಕ್ಸಿನಲ್ಲಿ ಆಡಳಿತದ ಪಾಸ್‌ವರ್ಡ್ ತಿಳಿದವರು ವ್ಯವಸ್ಥೆಯ ಯಾವ ಕಡತವನ್ನಾದರೂ ಅಳಿಸಬಲ್ಲರು. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋದರೆ ವ್ಯವಸ್ಥೆಯು ಅರ್ಧ ಹಳತು, ಅರ್ಧ ಹೊಸತಾಗಿ ಉಳಿಯಬಹುದು. ನಮ್ಮ ಮಳೆಗಾಲದಲ್ಲಿ ಇದು ಬರಿಯ ಊಹೆಯಲ್ಲ. ಫೆಡೋರಾ ಸಿಲ್ವರ್‌ಬ್ಲೂ, ಎಂಡ್‌ಲೆಸ್ ಓಎಸ್, ವೆನಿಲ್ಲಾ ಓಎಸ್ ಮೊದಲಾದ ಅವಿಕಾರಿ ಲಿನಕ್ಸ್‌ಗಳಲ್ಲಿ ಮೂಲಭಾಗವು ಓದುವುದಕ್ಕೆ ಮಾತ್ರ ತೆರೆದಿರುತ್ತದೆ. ಹೊಸ ಆವೃತ್ತಿಯು ಪಕ್ಕದಲ್ಲಿ ಪೂರ್ಣವಾಗಿ ಸಿದ್ಧಗೊಂಡು, ಮುಂದಿನ ಬಾರಿ ಯಂತ್ರವನ್ನು ತೆರೆದಾಗ ಬಳಕೆಗೆ ಬರುತ್ತದೆ. ಅದು ಕೈಕೊಟ್ಟರೆ ಹಿಂದಿನದಕ್ಕೆ ಮರಳಬಹುದು. ಮಗುವಿನ ಬರಹ, ಚಿತ್ರಗಳು ಪ್ರತ್ಯೇಕವಾಗಿರುತ್ತವೆ. ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್‌ಗಳನ್ನು ಮೂಲವನ್ನು ಮುಟ್ಟದೆಯೇ ಫ್ಲಾಟ್‌ಪ್ಯಾಕ್ ರೂಪದಲ್ಲಿ ಸೇರಿಸಿಕೊಳ್ಳಬಹುದು.

ಇಲ್ಲಿಯ ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನಲ್ಲಿ ಪ್ರಸಿದ್ಧವಾದ 1973ರ ತೀರ್ಪಿನಿಂದಾಗಿ ‘ಮೂಲ ಸಂರಚನೆ’ ಎಂಬ ಮಾತು ಎಡನೀರಿಗೆ ಹೊಸದಲ್ಲ. ಅಲ್ಲಿ ಮಿತಿ ಸಂಸತ್ತಿಗೆ, ಇಲ್ಲಿ ಬಳಕೆದಾರನಿಗೆ. ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯಲಾರೆ.

ಆದರೆ ಆ ಮೂಲದೊಳಗೆ ಏನಿರಬೇಕೆಂದು ನಿರ್ಧರಿಸುವವರು ತಯಾರಕರು. ಇಂಗ್ಲಿಷ್ ಬಳಕೆದಾರನಿಗೆ ಇದರ ಚಿಂತೆಯಿಲ್ಲ; ಕನ್ನಡ ಟೈಪು ಮಾಡಲಾಗದ ಮಗುವಾದರೋ ತನ್ನ ಪ್ರಬಂಧವನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳುತ್ತದೆ. ಉಬುಂಟುವಿನಲ್ಲಿ ಕೊರತೆ ಕಂಡರೆ ಒಂದು ಆಜ್ಞೆಯಿಂದ ತುಂಬಿಸಬಹುದು. ಸಿಲ್ವರ್‌ಬ್ಲೂವಿನಲ್ಲಿ ಮೂಲದ ಮೇಲೆ ಪ್ರತ್ಯೇಕ ಪದರವನ್ನು ಸೇರಿಸಿ, ಸಾಮಾನ್ಯವಾಗಿ ಯಂತ್ರವನ್ನು ಮತ್ತೆ ಆರಂಭಿಸಬೇಕು. ಎಂಡ್‌ಲೆಸ್‌ನಲ್ಲಿ ಅಷ್ಟು ಸಲಿಗೆಯೂ ಇಲ್ಲ.

ಸಮಾಧಾನದ ಸಂಗತಿಯೂ ಉಂಟು. ಇನ್‌ಸ್ಕ್ರಿಪ್ಟ್ ಮತ್ತು ಕಗಪ ವಿನ್ಯಾಸಗಳೆರಡೂ ಲಿನಕ್ಸ್‌ಗಳು ಸಾಮಾನ್ಯವಾಗಿ ಬಳಸುವ ಕೀಲಿಮಣೆ ಸಂಗ್ರಹದಲ್ಲಿಯೇ ಇವೆ. ನುಡಿಗೆ ಪಳಗಿದ ಕೈಗೆ ಕಗಪ ಅಪರಿಚಿತವಲ್ಲ. ಬೇಕಾದ ಫಾಂಟುಗಳನ್ನು ಬಳಕೆದಾರನ ಸ್ವಂತ ಕಡತಕೋಶದಲ್ಲಿ ಇರಿಸಬಹುದು. ಇಂಗ್ಲಿಷ್ ಅಕ್ಷರಗಳನ್ನೊತ್ತಿ ಕನ್ನಡ ಪಡೆಯುವ ಲಿಪ್ಯಂತರಣ ಸಲಕರಣೆಯೇ ಬೇಕೆಂದರೆ ಮಾತ್ರ, ಅದು ಮೂಲದಲ್ಲಿದೆಯೇ ಎಂದು ಮೊದಲೇ ನೋಡಬೇಕು.

ನನ್ನ ಅಭಿಪ್ರಾಯ ಹೀಗಿದೆ: 8 ಜಿಬಿ ಮೆಮೊರಿಯೂ ಒಳ್ಳೆಯ ಇಂಟರ್ನೆಟ್ಟೂ ಇರುವಲ್ಲಿ ಸಿಲ್ವರ್‌ಬ್ಲೂ ಧಾರಾಳವಾಗಿ ಸಾಕು. 4 ಜಿಬಿಯ ಹಳೆಯ ಯಂತ್ರಕ್ಕೆ, ಮೊಬೈಲ್ ಡಾಟಾವನ್ನೇ ನಂಬಿದ ಮನೆಗೆ ಅದರ ದೊಡ್ಡ ಅಪ್‌ಡೇಟ್‌ಗಳು ಹೊರೆ. ಅಲ್ಲಿ ಲಿನಕ್ಸ್ ಮಿಂಟ್‌ನಂತಹ ಸಾಮಾನ್ಯ ವ್ಯವಸ್ಥೆಯ ಹಗುರ ರೂಪವೇ ಮೇಲು.

ಯಾವುದನ್ನು ಹಾಕಿದರೂ ಹೆತ್ತವರಿಗೆ ಒಪ್ಪಿಸುವ ಮುನ್ನ ಲಿಬ್ರೆ ಆಫೀಸ್‌ನಲ್ಲಿ ‘ಸೂರ್ಯ’, ‘ರ‍್ಯಾಂಕ್’, ‘ಸ್ತ್ರೀ’, ‘ಜ್ಞಾನ’ ಎಂಬ ನಾಲ್ಕು ಪದಗಳನ್ನು ಮಗುವಿನಿಂದಲೇ ಟೈಪು ಮಾಡಿಸಿರಿ. ಕಡತವನ್ನು ಉಳಿಸಿ, ಯಂತ್ರವನ್ನು ಆರಿಸಿ, ಮತ್ತೆ ತೆರೆದು, ಪಿಡಿಎಫ್ ಮಾಡಿ ನೋಡಿರಿ. ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪಿದ್ದರೆ ಆ ಯಂತ್ರವನ್ನು ಇನ್ನೂ ಒಪ್ಪಿಸಬೇಡಿರಿ.